ಸಾಮಾಜಿಕ ತನಿಖಾ ವರದಿಯಲ್ಲಿ ‘ಒಡೆದ ಕುಟುಂಬ’ ಎಂದು ಬರೆದರೆ ಸಾಕೇ?

ಪ್ರಶ್ನೆ:
ಬೈಕ್ ಕಳವಿನ ಆರೋಪದಲ್ಲಿ ಸಿಕ್ಕ 16ರ ಹುಡುಗ. ತಂದೆ ಮನೆ ಬಿಟ್ಟಿದ್ದಾರೆ, ತಾಯಿಗೆ ಗಾರ್ಮೆಂಟ್ಸ್ ಕೆಲಸ. 18 ತುಂಬದವರ ಕೇಸು ನೋಡುವ ಬಾಲನ್ಯಾಯ ಮಂಡಳಿಗೆ, ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ಕೊಡುವ ಸಾಮಾಜಿಕ ತನಿಖಾ ವರದಿಯಲ್ಲಿ ಕಾರಣ ಎಂದು ‘ಒಡೆದ ಕುಟುಂಬ’ ಬರೆಯಬಹುದೇ?

ಉತ್ತರ 1:
ಬೇಡ. ಹುಡುಗನಿಗೆ ಹಣೆಪಟ್ಟಿ ಹಚ್ಚಿದಂತಾಗುತ್ತದೆ, ಮಂಡಳಿಗೆ ಏನೂ ತಿಳಿಯುವುದಿಲ್ಲ. ದೇಶದ ಅಪರಾಧ ಅಂಕಿಅಂಶ ಕಲೆಹಾಕುವ ಎನ್‌ಸಿಆರ್‌ಬಿಯ ಕೋಷ್ಟಕದಲ್ಲಿ ಸಿಕ್ಕಿಬಿದ್ದ ಮಕ್ಕಳ ಪೈಕಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ಹೆತ್ತವರ ಜೊತೆ ಇದ್ದವರೇ. ಹಾಗಂತ ಮನೆಗೂ ಅಪರಾಧಕ್ಕೂ ನಂಟಿಲ್ಲ ಎನ್ನಲೂ ಬಾರದು. ಒಂಟಿ ತಾಯಿಯ ಮನೆ, ಕುಡಿದು ಬಡಿಯುವ ತಂದೆಯ ಮನೆ, ನೆಮ್ಮದಿಯ ಮನೆ, ಮೂರೂ ‘ಹೆತ್ತವರ ಜೊತೆ’ ಎಂಬ ಆ ಒಂದೇ ಕಾಲಂನಲ್ಲಿ ಕಲೆತುಹೋಗಿವೆ.

ಉತ್ತರ 2:
ಕೇಂಬ್ರಿಜ್ ಅಧ್ಯಯನ ಇದನ್ನು ಬಿಡಿಸಿ ನೋಡಿತು. ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ದಶಕಗಟ್ಟಲೆ ಗಮನಿಸಿದರು. ಮನೆ ಒಡೆದ ಮೇಲೂ ತಾಯಿಯ ಬಳಿಯೇ ಉಳಿದವರು ಹೊಂದಿಕೊಂಡಿದ್ದ ಮನೆಯ ಹುಡುಗರಿಗಿಂತ ಹೆಚ್ಚೇನೂ ದಾರಿ ತಪ್ಪಲಿಲ್ಲ. ಒಡೆಯದೆ ಸದಾ ಜಗಳದಲ್ಲಿದ್ದ ಮನೆಯ ಹುಡುಗರು ಹೆಚ್ಚು ದಾರಿ ತಪ್ಪಿದರು. ಇನ್ನೊಂದು ಮುಖ್ಯ ಸಂಗತಿ: ಒಟ್ಟು ಶಿಕ್ಷೆಗಳಲ್ಲಿ ಅರ್ಧದಷ್ಟು ಸುಮಾರು 6% ಕುಟುಂಬಗಳಿಂದಲೇ ಬಂದವು. ಹಾಗಾಗಿ ತಂದೆ ಇದ್ದಾರೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಅಣ್ಣನ ಮೇಲೆ, ಮಾವನ ಮೇಲೆ ಕೇಸಿದೆಯೇ, ಹುಡುಗ ಅವರ ಜೊತೆ ತಿರುಗುತ್ತಾನೆಯೇ ಎಂದೂ ಕೇಳಿ.

ಮರುಪ್ರಶ್ನೆ:
ಹಾಗಾದರೆ ವಾಕ್ಯ ಹೇಗಿರಬೇಕು?

ಉತ್ತರ 3:
ಹೊತ್ತು ಹಾಕಿ ಬರೆಯಿರಿ: ‘ತಾಯಿ ಬೆಳಿಗ್ಗೆ 8ಕ್ಕೆ ಹೊರಟು ರಾತ್ರಿ 7ಕ್ಕೆ ಬರುತ್ತಾರೆ. ಹುಡುಗ 9ನೇ ತರಗತಿಗೆ ಶಾಲೆ ಬಿಟ್ಟ. ಮಧ್ಯಾಹ್ನ ಗ್ಯಾರೇಜಿನಲ್ಲಿ, 20 ದಾಟಿದ ಇಬ್ಬರ ಜೊತೆ. ಎದುರು ಮನೆಯ ಅಜ್ಜಿ ಹೇಳಿದರೆ ಕೇಳುತ್ತಾನೆ.’ ಇದನ್ನೋದಿದ ಮಂಡಳಿಗೆ ಮಾಡಲು ಕೆಲಸ ಸಿಗುತ್ತದೆ: ಶಾಲೆಗೆ ಮರುಸೇರ್ಪಡೆ, ಅಜ್ಜಿಯ ನಿಗಾ, ಗ್ಯಾರೇಜಿನಿಂದ ದೂರ.

ಎಡವುವುದು ಜಾಮೀನಿನಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 12ನೇ ಕಲಂ ಪ್ರಕಾರ ಜಾಮೀನು ನಿರಾಕರಿಸಲು ಮೂರೇ ಆಧಾರ: ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ನ್ಯಾಯದ ಉದ್ದೇಶವೇ ಸೋಲುವುದು. ತಂದೆ ಇಲ್ಲದಿರುವುದು ಈ ಪಟ್ಟಿಯಲ್ಲಿಲ್ಲ. ಆದರೂ ‘ಒಡೆದ ಕುಟುಂಬ, ನಿಗಾ ಇಲ್ಲ’ ಎಂಬ ಸಾಲು ಕಂಡರೆ ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲೇ ಹುಡುಗ ಉಳಿದುಬಿಡಬಹುದು. ಇದು ನಿಜಕ್ಕೂ ಅನ್ಯಾಯ.

ಮೊದಲ ಹಾಜರಾತಿಯಿಂದ 15 ದಿನದೊಳಗೆ ವರದಿ ಕೊಡಬೇಕು. ಮನೆಭೇಟಿಗೆ ತಾಯಿಯ ವಾರದ ರಜೆ ಭಾನುವಾರವಾದರೆ ಭಾನುವಾರವೇ ಹೋಗಿ. ಬೀಗ ಹಾಕಿದ ಬಾಗಿಲು ನೋಡಿ ‘ಪೋಷಕರ ಸಹಕಾರವಿಲ್ಲ’ ಎಂದು ಬರೆಯಬೇಡಿ. ನೆರೆಯವರಲ್ಲಿ ಕೇಸಿನ ಸುದ್ದಿ ಎತ್ತಲೇಬೇಡಿ.