ಕಾಜಾ ಹಾಕೋದೊಂದೇ ಬಾಕಿ

"ನನ್ನ ಕುರ್ತಾ ಏನಾಯಿತು?" ಎಂದು ನಾಣಿ ಕೇಳಿದ.

"ಆಗಿದೆ ರೀ. ಕಾಜಾ ಹಾಕೋದೊಂದೇ ಬಾಕಿ," ಎಂದಳು ಗೀತಾ.

ಸರೋಜಕ್ಕ ಕಾಫಿ ಲೋಟ ಕೆಳಗಿಟ್ಟರು. "ಹೋದ ಭಾನುವಾರವೂ ಇದನ್ನೇ ಹೇಳಿದೆಯಲ್ಲೇ. ನೀನು ಸೇರಿದ್ದು ಹೊಲಿಗೆ ಕಲಿಯೋಕಾ, ಟೈಲರ್ ಆಗೋಕಾ?"

"ಎರಡೂ ಒಂದೇ ಅಲ್ವಾ ಅಕ್ಕ?"

"ಎಲ್ಲಿ ಒಂದೇ? ಹೊಲಿಗೆ ಕಲಿತವಳು ಬಟ್ಟೆ ಹೊಲಿದು ಕೊಡುತ್ತಾಳೆ. ಟೈಲರ್ ಆದವಳು ನಾಳೆ ಬನ್ನಿ ಅನ್ನುತ್ತಾಳೆ. ನೀನು ಅನ್ನೋದನ್ನು ಚೆನ್ನಾಗಿ ಕಲಿತಿದ್ದೀಯ. ಇನ್ನು ಹೊಲಿಯೋದೊಂದು ಬಂದುಬಿಟ್ಟರೆ ಮುಗಿಯಿತು."

ಗೀತಾಗೆ ಬೇಜಾರಾಗಲಿಲ್ಲ. ಇಂಟರ್ಮೀಡಿಯೆಟ್ ಬ್ಯಾಚಿಗೆ ಬಡ್ತಿ ಪಡೆದವರು ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ. "ಬಿಗಿನರ್ಸ್ ಮುಗಿಸಿದ್ದೇನೆ ಅಕ್ಕ. ಲಂಗ, ದಿಂಬಿನ ಕವರು, ಮಕ್ಕಳ ಫ್ರಾಕು ಎಲ್ಲಾ ಆಯಿತು. ಈಗ ಲೈನಿಂಗ್ ಬ್ಲೌಸು, ಕಟೋರಿ, ಪ್ರಿನ್ಸೆಸ್ ಕಟ್, ಕಾಲರ್ ಕುರ್ತಾ. ಆಮೇಲೆ ಅಡ್ವಾನ್ಸ್ಡ್."

"ಮೊದಲ ವಾರ ಮಿಷನ್ನಿಗೆ ದಾರವೇ ಹಾಕದೆ ಕಾಗದದ ಮೇಲೆ ಹೊಲಿಸಿದರು," ಎಂದ ನಾಣಿ. "ಮನೆಯ ಕರೆಂಟ್ ಬಿಲ್ಲೆಲ್ಲ ತೂತು. ಎಷ್ಟು ಕಟ್ಟಬೇಕು ಅಂತ ಬೆಳಕಿಗೆ ಹಿಡಿದು ನೋಡಬೇಕಾಯಿತು."

"ಈಗ ಎಲ್ಲದಕ್ಕೂ ಮೂರು ಮೆಟ್ಟಿಲು," ಎಂದರು ಸರೋಜಕ್ಕ. "ಯೋಗಕ್ಕೆ ಮೂರು, ಕೇಕಿಗೆ ಮೂರು. ನಮ್ಮ ಎದುರುಮನೆ ಹುಡುಗಿ ಅಡ್ವಾನ್ಸ್ಡ್ ರಂಗೋಲಿ ಕಲಿಯುತ್ತಾಳೆ. ಬಾಗಿಲಿಗೆ ರಂಗೋಲಿ ಹಾಕೋದು ಇವತ್ತೂ ಮನೆಗೆಲಸದ ನಂಜಮ್ಮನೇ. ಪಾಪ, ಅವಳು ಯಾವ ಲೆವೆಲ್ಲೋ ಅವಳಿಗೇ ಗೊತ್ತಿಲ್ಲ."

ಗುಂಡ ಆಗಲೇ ಮೊಬೈಲಿನಲ್ಲಿ ಲೆಕ್ಕ ಶುರು ಮಾಡಿದ್ದ. ಬ್ಲೌಸ್ ಕೂಲಿ ಉಳಿಸೋಕೆ ತಾನೇ ಕ್ಲಾಸು? ಮೋಟಾರ್ ಮಿಷನ್ನು, ಕತ್ತರಿ, ಟೇಪು, ಗುರುತು ಹಾಕೋ ಚಾಕ್ ಇಡೋಕೆ ಒಂದು ಡಬ್ಬಿ, ಡಬ್ಬಿ ಇಡೋಕೆ ಒಂದು ಟೇಬಲ್ಲು, ಎರಡು ಬ್ಯಾಚಿನ ಫೀಸು. "ಇದುವರೆಗೆ ಎಷ್ಟು ಬ್ಲೌಸ್ ಆಗಿದೆ?"

"ಒಂದು. ಹುಕ್ಕು ಬಾಕಿ."

"ಹಾಗಾದರೆ ಆ ಬ್ಲೌಸನ್ನು ಲಾಕರಿನಲ್ಲಿ ಇಡಿ," ಎಂದ ಗುಂಡ.

ಗೀತಾ ಒಳಗಿನಿಂದ ಬ್ಲೌಸ್ ತಂದಳು. ಹಸಿರು ಸಿಲ್ಕು. ಲೈನಿಂಗ್‌ಗೆ ಅದೇ ಹಸಿರು ಸಿಗಲಿ ಅಂತ ನಾಣಿ ಚಿಕ್ಕಪೇಟೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ತೋಳು ಮಾತ್ರ ಯಾಕೋ ಕೂರುತ್ತಿಲ್ಲ, ಎಡಗಡೆ ಹಿಡಿಯುತ್ತೆ, ಅಂದಳು. ಸರೋಜಕ್ಕ ಕನ್ನಡಕ ಹಾಕಿಕೊಂಡು ಒಳಬದಿ ಹೊರಗೆ ಮಾಡಿದರು. ಕಂಕುಳ ಹತ್ತಿರ ಬೆರಳಾಡಿಸಿದರು. ಒಂದು ತೋಳು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು.

"ತೋಳು ಕತ್ತರಿಸುವಾಗ ಮುಂದಿನ ಕಡೆ ಜಾಸ್ತಿ ಕೊರೆಯಬೇಕು, ಹಿಂದಿನ ಕಡೆ ಕಡಿಮೆ. ಗೊತ್ತಾ?"

"ಗೊತ್ತು. ಹಾಗೇ ಕೊರೆದಿದ್ದೇನೆ."

"ಕೊರೆದಿದ್ದೀಯ. ಆದರೆ ಎರಡು ತೋಳನ್ನೂ ಎದುರುಬದುರು ಇಟ್ಟು ಕೊರೆಯಬೇಕಿತ್ತು. ನೀನು ಎರಡಕ್ಕೂ ಒಂದೇ ಕಡೆ ಕೊರೆದಿದ್ದೀಯ. ಈ ಬ್ಲೌಸಿಗೆ ಎರಡೂ ಬಲತೋಳು ಕಣೇ."

"ಎಡಗೈ ಮೇಲೆತ್ತಿದಾಗ ಮಾತ್ರ ಉಸಿರಾಡೋಕೆ ಆಗುತ್ತೆ ಅಂತಿದ್ದಳು," ಎಂದ ನಾಣಿ. "ಮದುವೆ ಮನೆಯಲ್ಲಿ ಹಾಗೇ ನಿಂತರೆ ಯಾರಾದರೂ ಆಟೋ ನಿಲ್ಲಿಸುತ್ತಾರೆ."

ಗೀತಾ ಸೋಲಲಿಲ್ಲ. "ಬ್ಲೌಸ್ ಸರಿಯಾಗಿಯೇ ಇದೆ. ನನ್ನ ಎಡಭುಜ ಸ್ವಲ್ಪ ಇಳಿದಿದೆ ಅಂತ ಮೇಡಂ ಹೇಳಿದ್ದಾರೆ."

"ಭೇಷ್!" ಸರೋಜಕ್ಕ ತೊಡೆ ತಟ್ಟಿದರು. "ತಪ್ಪು ಬಟ್ಟೆಯದಲ್ಲ, ಮೈಯದು. ನಾನು ಮೂವತ್ತು ವರ್ಷ ಇದನ್ನು ಟೈಲರುಗಳ ಬಾಯಲ್ಲಿ ಕೇಳಿದ್ದೇನೆ. 'ನೀವು ಸ್ವಲ್ಪ ದಪ್ಪ ಆಗಿದ್ದೀರ ಮೇಡಂ.' ಅಳತೆ ತೆಗೆದುಕೊಂಡಿದ್ದು ಸೋಮವಾರ, ಟ್ರಯಲ್ ಶುಕ್ರವಾರ. ಆ ನಾಲ್ಕು ದಿನ ನಾನು ಏನು ತಿಂದೆ ಅಂತ ಮನೆಯಲ್ಲಿ ವಿಚಾರಣೆ."

ಶಂಕ್ರಣ್ಣನಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಜಾಸ್ತಿಯಾಗಿತ್ತು. "ಟೈಲರುಗಳನ್ನು ಹಗುರವಾಗಿ ತಗೋಬೇಡಿ. ಫ್ರಾನ್ಸಿನಲ್ಲಿ ತಿಮೋನಿಯೆ ಅಂತ ಒಬ್ಬ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ತೆಗೆದ. ಸೈನ್ಯಕ್ಕೆ ಸಮವಸ್ತ್ರ ಹೊಲಿಯೋಕೆ ಪ್ಯಾರಿಸ್ಸಿನಲ್ಲಿ ಕಾರ್ಖಾನೆ ಇಟ್ಟ. ಮರುವರ್ಷ ಅಲ್ಲಿನ ಟೈಲರುಗಳು ನುಗ್ಗಿ ಮಿಷನ್ನುಗಳನ್ನೆಲ್ಲ ಪುಡಿ ಪುಡಿ ಮಾಡಿದರು. ತಮ್ಮ ಹೊಟ್ಟೆಪಾಡು ಹೋಗುತ್ತೆ ಅಂತ."

"ಅಷ್ಟು ಕಷ್ಟ ಯಾಕೆ ಪಟ್ಟರೋ," ಎಂದರು ಸರೋಜಕ್ಕ. "ಪಕ್ಕದಲ್ಲಿ ಒಂದು ಇಂಟರ್ಮೀಡಿಯೆಟ್ ಕ್ಲಾಸ್ ತೆರೆದಿದ್ದರೆ ಸಾಕಿತ್ತು. ಮಿಷನ್ನುಗಳು ತಾವಾಗಿಯೇ ಕೆಡುತ್ತಿದ್ದವು."

"ತಮಾಷೆ ಅಲ್ಲಮ್ಮ. ಯಂತ್ರ ಅಂದರೆ ಆಗದ ಗಾಂಧೀಜಿ ಕೂಡ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸೋಲೋದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿ ಇದೆ ಅಂದಿದ್ದರು."

"ಯಾವ ಹೆಂಡತಿ?"

ಶಂಕ್ರಣ್ಣ ಕೆಮ್ಮಿದರು. ಐಸಾಕ್ ಸಿಂಗರನಿಗೆ ನ್ಯೂಯಾರ್ಕ್ ಒಂದರಲ್ಲೇ ಒಂದಕ್ಕಿಂತ ಹೆಚ್ಚು ಸಂಸಾರ ಇತ್ತು, ಒಟ್ಟು 20ಕ್ಕೂ ಹೆಚ್ಚು ಮಕ್ಕಳು ಎನ್ನುವುದನ್ನು ಅವರು ಹೇಳುವ ಮನಸ್ಸಿನಲ್ಲಿರಲಿಲ್ಲ. ಬೇರೆ ದಾರಿ ಕಾಣದೆ ಹೇಳಿದರು.

"ಅಷ್ಟು ಮಕ್ಕಳಿಗೆ ಚಡ್ಡಿ ಹೊಲಿಯಬೇಕಾದರೆ ಯಾರಾದರೂ ಮಿಷನ್ ಕಂಡುಹಿಡಿಯಲೇಬೇಕು," ಎಂದರು ಸರೋಜಕ್ಕ. "ಇದರಲ್ಲಿ ಪ್ರೀತಿ ಎಲ್ಲಿ ಬಂತು? ಜೀವಭಯ ಅದು."

ನಾಣಿ ಅಷ್ಟರಲ್ಲಿ ಬ್ಲೌಸಿನ ಕೊರಳನ್ನೇ ನೋಡುತ್ತಿದ್ದ. ಹಸಿರಿನ ಸುತ್ತ ಸಣ್ಣಗೆ ಕೇಸರಿ ಪೈಪಿಂಗ್. "ಈ ಬಣ್ಣ ಎಲ್ಲೋ ನೋಡಿದ ಹಾಗಿದೆಯಲ್ಲ."

"ಕೊರಳು ರೌಂಡ್ ಅಲ್ವಾ ರೀ," ಎಂದಳು ಗೀತಾ, ತುಸು ಬೇಗ ಬೇಗ. "ಪೈಪಿಂಗ್ ಪಟ್ಟಿಯನ್ನು ಬಟ್ಟೆಯ ಓರೆಗೆ ಕತ್ತರಿಸಬೇಕು. ಉದ್ದಕ್ಕೆ ಕತ್ತರಿಸಿದರೆ ಅದು ಹಿಗ್ಗೋಲ್ಲ, ಸುಕ್ಕು ಬೀಳುತ್ತೆ. ಓರೆ ಪಟ್ಟಿ ತೆಗೆದರೆ ಬಟ್ಟೆ ಜಾಸ್ತಿ ಹೋಗುತ್ತೆ."

"ಯಾರ ಬಟ್ಟೆ?"

"ಕುರ್ತಾ ಬಟ್ಟೆ ಉಳಿದಿತ್ತು."

"ಇನ್ನೂ ಹೊಲಿದೇ ಇಲ್ಲ, ಉಳಿದದ್ದು ಹೇಗೆ?"

ಇದಕ್ಕೆ ಉತ್ತರ ಸಿಗಲಿಲ್ಲ. ಗುಂಡ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಸರೋಜಕ್ಕ ಮಾತ್ರ ಗಂಭೀರವಾಗಿ, "ಇವಳಿಗೆ ಪರೀಕ್ಷೆ ಬೇಡ. ಸರ್ಟಿಫಿಕೇಟ್ ಕೊಟ್ಟು ಕಳಿಸಿಬಿಡಲಿ," ಎಂದರು.

ಬ್ಲೌಸ್ ಇನ್ನೂ ಅವರ ಮಡಿಲಲ್ಲೇ ಇತ್ತು. ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಅಗಲಿಸಿ ನೋಡಿದರು. "ಒಳಗೆ ಬಟ್ಟೆ ಎಷ್ಟು ಬಿಟ್ಟಿದ್ದೀಯ?"

"ಅರ್ಧ ಇಂಚು. ಫಿನಿಶಿಂಗ್ ನೀಟಾಗಿ ಕಾಣಲಿ ಅಂತ."

"ತಿಪಟೂರಿನಲ್ಲಿ ನಮ್ಮ ಜಗಲಿಯ ಮೇಲೆ ಒಬ್ಬರು ಮಿಷನ್ ಇಟ್ಟುಕೊಂಡಿದ್ದರು. ಎರಡು ಇಂಚಿಗೆ ಕಡಿಮೆ ಬಿಟ್ಟವರೇ ಅಲ್ಲ. ದೀಪಾವಳಿಗೆ ಅಪ್ಪ ಒಂದೇ ತಾನಿನ ಬಟ್ಟೆ ತರುತ್ತಿದ್ದ. ಅದರಲ್ಲೇ ತಮ್ಮಂದಿರಿಗೆ ಅಂಗಿ, ನಮಗೆ ಲಂಗ, ಮಿಕ್ಕಿದ್ದರಲ್ಲಿ ಕಿಟಕಿಗೆ ಪರದೆ. ಪರದೆ ಹಿಂದೆ ನಿಂತರೆ ನಾವು ಯಾರಿಗೂ ಕಾಣುತ್ತಿರಲಿಲ್ಲ." ಎಲ್ಲರೂ ನಕ್ಕರು. ಸರೋಜಕ್ಕ ನಗಲಿಲ್ಲ.

"ಅಮ್ಮನ ಒಂದು ಬ್ಲೌಸ್ ನನ್ನ ಹತ್ತಿರ ಇದೆ. ಮೇಲೆ ಬಣ್ಣ ಹೋಗಿ ಬೂದಿಯಾಗಿದೆ. ಪಕ್ಕ ಬಿಚ್ಚಿದ ಕಡೆ ಮಾತ್ರ ಒಂದು ಪಟ್ಟಿ ಇನ್ನೂ ಕಡುನೀಲಿ. ಅಲ್ಲಿ ಸಾಲಾಗಿ ಸೂಜಿ ತೂತು. ಮೊದಲ ಸಾಲು ನಾನು ಹುಟ್ಟಿದಾಗ ಬಿಚ್ಚಿದ್ದಂತೆ, ಎರಡನೆಯದು ದೊಡ್ಡ ತಮ್ಮನಿಗೆ. ಮೂರನೆಯದೂ ಬಿಚ್ಚಿಯೇ ಇದೆ. ಕೊನೆಗಾಲದಲ್ಲಿ ಮೈ ಇಳಿದುಹೋಯಿತಲ್ಲ, ಆಗ ಮತ್ತೆ ಒಳಕ್ಕೆ ಹಿಡಿದಿದ್ದಾಳೆ. ಮಿಷನ್ನಲ್ಲಿ ಅಲ್ಲ, ಕೈಯಲ್ಲಿ. ಹೊಲಿಗೆ ಒಂಚೂರು ಸೊಟ್ಟ. ಕಣ್ಣು ಕಾಣುತ್ತಿರಲಿಲ್ಲ. ನನಗೆ ಕೊಡು ಅಂದಿದ್ದರೆ ನಾನೇ ಹಾಕಿಕೊಡುತ್ತಿದ್ದೆ. ಕೇಳಲೇ ಇಲ್ಲ."

ಕಾಫಿ ಆರಿತ್ತು. ಯಾರೂ ಕುಡಿಯಲಿಲ್ಲ. ಶಂಕ್ರಣ್ಣ ಏನೋ ಇಸವಿ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು.

"ಅಕ್ಕ," ಎಂದಳು ಗೀತಾ, "ಇದನ್ನು ಬಿಚ್ಚಿ ತೋಳು ಸರಿ ಮಾಡುತ್ತೇನೆ. ಮುಂದಿನದರಲ್ಲಿ ಎರಡು ಇಂಚು ಬಿಡುತ್ತೇನೆ. ನಿಮಗೇ ಒಂದು ಹೊಲಿದುಕೊಡಲಾ?"

"ಹೊಲಿ. ಅಳತೆ ಬ್ಲೌಸ್ ಕಳಿಸುತ್ತೇನೆ. ಅಳತೆಗೆ ಅಷ್ಟೇ, ಅದನ್ನು ಕತ್ತರಿಸಬೇಡ. ಲೈನಿಂಗನ್ನು ಮಾತ್ರ ಒಂದು ರಾತ್ರಿ ನೀರಲ್ಲಿ ನೆನೆಸು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತೆ. ಆಮೇಲೆ ನನ್ನ ಮೈ ದಪ್ಪ ಅನ್ನುತ್ತೀಯ."

"ಯಾವಾಗ ಬೇಕು?"

"ಗೌರಿ ಹಬ್ಬಕ್ಕೆ."

"ಅಯ್ಯೋ, ಹಬ್ಬದ ಆರ್ಡರೆಲ್ಲ ಕ್ಲೋಸ್ ಆಯಿತಲ್ಲ ಅಕ್ಕ," ಎಂದುಬಿಟ್ಟಳು ಗೀತಾ.

"ಈ ವರ್ಷದ ಗೌರಿ ಅಂತ ನಾನೆಲ್ಲಿ ಅಂದೆ?" ಎಂದರು ಸರೋಜಕ್ಕ.