ಪ್ರಶ್ನೋತ್ತರ: ನನ್ನ ಫೋನಿನಲ್ಲಿ ಯಾರು ಇಣುಕುತ್ತಿದ್ದಾರೆ?

ಅಡ್ಮಿನ್: ಸೈಬರ್ ಭದ್ರತೆಯಲ್ಲಿ ಕೆಲಸ ಮಾಡುವ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಫೋನು, ಪ್ರೈವಸಿ ಬಗ್ಗೆ ಕೇಳಿ. ಫಾರ್ವರ್ಡ್ ಬೇಡ.

ಹುಬ್ಬಳ್ಳಿ ಹುಡುಗ: ಇನ್‌ಕಾಗ್ನಿಟೊ ಹಾಕಿದರೆ ಆಫೀಸಿನವರಿಗೆ ಗೊತ್ತಾಗಲ್ಲ ಅಲ್ವಾ ಮೇಡಂ?

ಮೇಡಂ: ಗೊತ್ತಾಗುತ್ತದೆ. ನಿಮ್ಮ ಬ್ರೌಸರಿನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ. ಯಾವ ಸೈಟಿಗೆ ಹೋದಿರಿ ಅಂತ ಆಫೀಸಿನ ವೈಫೈ ನಡೆಸುವವರಿಗೆ ಕಾಣುತ್ತದೆ.

ಶಿರಸಿಯವರು: ಫ್ರೀ ವಿಪಿಎನ್ ಯಾವುದು ಒಳ್ಳೇದು?

ಮೇಡಂ: ವಿಪಿಎನ್ ಅಂದರೆ ನಿಮ್ಮ ಇಂಟರ್‌ನೆಟ್ ಓಡಾಟವನ್ನೆಲ್ಲ ಬೇರೊಬ್ಬರ ಸರ್ವರ್ ಮೂಲಕ ಕಳಿಸುವುದು, ಅಂದರೆ ಇಂಟರ್‌ನೆಟ್ ಕಂಪನಿಯ ಬದಲು ಇನ್ನೊಬ್ಬರನ್ನು ನಂಬುವುದು. ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಿ ಅಂತ 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೇಳಿದಾಗ ಕೆಲವು ದೊಡ್ಡ ವಿಪಿಎನ್ ಕಂಪನಿಗಳು ಭಾರತದಿಂದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ಫ್ರೀ ಕೊಡುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ನೀವೇ ಯೋಚಿಸಿ.

ಹೆಸರಿಲ್ಲದ ಸದಸ್ಯೆ: ಗಂಡನಿಂದ ದೂರ ಇದ್ದೇನೆ, ಅಕ್ಕನ ಮನೆಯಲ್ಲಿ. ವಕೀಲರನ್ನು ನೋಡಲು ಬೆಂಗಳೂರಿಗೆ ಹೊರಟರೆ ಸಾಕು, ಹೈವೇ ಹತ್ತಿ ಅರ್ಧ ಗಂಟೆ ಆಗಿರಲ್ಲ, "ಎಲ್ಲಿಗೆ ಸವಾರಿ?" ಅಂತ ಮೆಸೇಜು ಬರುತ್ತದೆ. ಫೋನು ಅವರೇ ಕೊಡಿಸಿದ್ದು. ಜಿಮೇಲ್ ಅವರೇ ಮಾಡಿಕೊಟ್ಟದ್ದು. ರೀಸೆಟ್ ಮಾಡಿಬಿಡಲಾ?

ಮೇಡಂ: ಬೇಡ. ಈಗಲೇ ಏನೂ ಅಳಿಸಬೇಡಿ. ಇದನ್ನು ಆ ಫೋನಿನಿಂದಲೇ ಬರೆದಿದ್ದರೆ ಇಲ್ಲಿಗೇ ನಿಲ್ಲಿಸಿ, ಅಕ್ಕನ ಫೋನಿನಿಂದ ಬನ್ನಿ. ದಾರಿ ಮುಚ್ಚಿತು ಅಂತ ಗೊತ್ತಾದ ದಿನವೇ ಇಂಥವರು ಮನೆ ಬಾಗಿಲಿಗೆ ಬರುವುದು. ನಾನು ನೋಡಿದ್ದೇನೆ. ಅವರ ಮೆಸೇಜುಗಳ ಫೋಟೊವನ್ನು ಅಕ್ಕನ ಫೋನಿನಲ್ಲಿ ತೆಗೆದು ವಕೀಲರಿಗೆ ಕೊಡಿ. ಹೆಂಗಸಿನ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಆಮೇಲೆ ಮ್ಯಾಪ್ಸ್ ತೆರೆದು ಲೊಕೇಶನ್ ಶೇರಿಂಗ್‌ನಲ್ಲಿ ಯಾರ ಹೆಸರಿದೆ, ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದೆಯಾ ನೋಡಿ. ನೋಡಿ ಮಾತ್ರ, ಮುಟ್ಟಬೇಡಿ. ಜಿಮೇಲ್ ಪಾಸ್‌ವರ್ಡ್ ಅವರಿಗೆ ಗೊತ್ತಿದ್ದರೆ ಫೋನಿನಲ್ಲಿ ಏನೂ ಹಾಕದೆಯೇ ಅವರ ಕೆಲಸ ಆಗುತ್ತದೆ. ಭಯ ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ರಾಯರು: *#21# ಒತ್ತಿ, ಫೋನ್ ಟ್ಯಾಪ್ ಆಗಿದ್ದರೆ ತಿಳಿಯುತ್ತದೆ!! 10 ಜನರಿಗೆ ಕಳಿಸಿ 🙏

ಮೇಡಂ: ರಾಯರೇ, ಅದು ಕಾಲ್ ಫಾರ್ವರ್ಡ್ ಆಗಿದೆಯಾ ಅಂತ ನೋಡುವ ಕೋಡು. ಟ್ಯಾಪಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಯಾರೋ ಕಳಿಸಿದ ಕೋಡ್ ಒತ್ತುವ ಈ ಚಟದಿಂದಲೇ ಜನ *401* ಒತ್ತಿ ತಮ್ಮ ಕರೆಗಳನ್ನು ಕಳ್ಳರ ನಂಬರಿಗೆ ತಿರುಗಿಸಿಕೊಂಡದ್ದು. ಡಿಲೀಟ್ ಮಾಡಿ.

ರಾಯರು: ಒಳ್ಳೇದಕ್ಕೆ ಹಾಕಿದ್ದು. ಕಾಲವಿಲ್ಲ.

ಮೈಸೂರು ಮೇಷ್ಟ್ರು: ತಪ್ಪು ಮಾಡದವರು ಯಾಕೆ ಹೆದರಬೇಕು? ಪ್ರೈವಸಿ ಎಲ್ಲ ಫಾರಿನ್ ಖಯಾಲಿ.

ಹುಬ್ಬಳ್ಳಿ ಹುಡುಗ: ಅದರ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಸರ್. 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ ಮೂಲಭೂತ ಹಕ್ಕು ಅಂದರು.

ಮೈಸೂರು ಮೇಷ್ಟ್ರು: ಕೋರ್ಟು ಹೇಳಿದ್ದೆಲ್ಲ ವೇದವೇ?

ಹುಬ್ಬಳ್ಳಿ ಹುಡುಗ: ನಿಮ್ಮ ಪ್ರೊಫೈಲೇ ಲಾಕ್ ಆಗಿದೆಯಲ್ಲ ಮೇಷ್ಟ್ರೇ 😄

ಮೈಸೂರು ಮೇಷ್ಟ್ರು: ಅದು ಮಗಳು ಮಾಡಿದ್ದು. ಹಿರಿಯರ ಜೊತೆ ಮಾತಾಡುವುದು ಕಲಿತುಕೋ.

ಕಾಲೇಜು ಹುಡುಗಿ: ಟಾರ್ ಅಂತ ಗುರುತು ಮರೆಸುವ ಬ್ರೌಸರ್ ಇದೆಯಲ್ಲ, ಅದನ್ನು ಬಳಸುವುದು ಕಾನೂನುಬಾಹಿರವಾ ಮೇಡಂ?

ದಾವಣಗೆರೆಯವರು: ಲಾಡ್ಜ್‌ನಲ್ಲಿ ಆಧಾರ್ ಜೆರಾಕ್ಸ್ ಕೇಳ್ತಾರೆ, ಏನು ಮಾಡೋದು?

ಮೇಡಂ: ಮಾಸ್ಕ್ಡ್ ಆಧಾರ್ ಕೊಡಿ. ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.

ಶಿರಸಿಯವರು: ಹಾಗಾದ್ರೆ ದುಡ್ಡು ಕೊಟ್ಟು ತಗೊಳ್ಳೋ ವಿಪಿಎನ್ ಯಾವುದು?

ಮೇಡಂ: ಮೇಲೆ ಓದಿ.

ಶಿರಸಿಯವರು: ಹೆಸರು ಹೇಳಿಲ್ಲವಲ್ಲ. ಸುಮ್ನೆ ಕೇಳಿದ್ದಕ್ಕೆ ಇಷ್ಟು ಗರ್ವ.

ಅಡ್ಮಿನ್: ಸಾಕು. ಇನ್ನೊಂದು ಜಗಳ ಆದರೆ ಕಾಮೆಂಟ್ ಬಂದ್.

ಹೆಸರಿಲ್ಲದ ಸದಸ್ಯೆ: ಅಕ್ಕನ ಫೋನಿನಿಂದ ಬರೆಯುತ್ತಿದ್ದೇನೆ. ಎರಡೂ ಕಡೆ ಯಾರ ಹೆಸರೂ ಇಲ್ಲ. ಹೋದ ಸಲ ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದೆ, ವಾಪಸ್ ಬಂದು ನೋಡಿದರೆ ಆಗಲೂ ಮೆಸೇಜು ಬಂದಿತ್ತು.

ಮೇಡಂ: ಕಾರು ಯಾರ ಹೆಸರಿನಲ್ಲಿದೆ? ಫಾಸ್ಟ್ಯಾಗ್ ಯಾರ ನಂಬರಿಗೆ?

ಹೆಸರಿಲ್ಲದ ಸದಸ್ಯೆ: ಎರಡೂ ಅವರದೇ.

ಮೇಡಂ: ಟೋಲ್ ದಾಟಿದಾಗಲೆಲ್ಲ ಯಾವ ಟೋಲ್, ಎಷ್ಟು ಹೊತ್ತಿಗೆ ಅಂತ ಬ್ಯಾಂಕೇ ಅವರಿಗೆ ಎಸ್‌ಎಂಎಸ್ ಕಳಿಸುತ್ತಿದೆ. ಕಾರಿನಲ್ಲಿ ಬೇರೆ ಏನಾದರೂ ಇಟ್ಟಿದ್ದಾರಾ, ಅದನ್ನೂ ನೋಡಿಸಬೇಕು. ನನಗೆ ಖಾಸಗಿಯಾಗಿ ಬರೆಯಿರಿ, ಅಕ್ಕನ ಫೋನಿನಿಂದಲೇ. ಮುಂದಿನ ಸಲ ವಕೀಲರ ಹತ್ತಿರ ಬಸ್ಸಿನಲ್ಲಿ ಹೋಗಿ.