ನೆಗಡಿ–ಅಲರ್ಜಿಯ ಸಂಯುಕ್ತ ಸಿರಪ್: ದಿನವೂ ನುಂಗುವ ಮಾತ್ರೆಗಳ ಜೊತೆಗೆ ಕುಡಿಯಬಹುದೇ?

ಪ್ರಶ್ನೆ: ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನನಗೆ ಧೂಳಿನ ಅಲರ್ಜಿ ಇದೆ. ವೈದ್ಯರು ಹೇಳಿದಂತೆ ರಾತ್ರಿ ಮಲಗುವ ಮುನ್ನ 10 ಮಿ.ಗ್ರಾಂ. ಸೆಟಿರಿಜಿನ್ ಮಾತ್ರೆಯೊಂದನ್ನು ತೆಗೆದುಕೊಳ್ಳುತ್ತೇನೆ. ರಕ್ತದೊತ್ತಡಕ್ಕೆಂದು ಬೆಳಿಗ್ಗೆ ಬೇರೊಂದು ಮಾತ್ರೆಯೂ ಇದೆ. ನಿನ್ನೆಯಿಂದ ನೆಗಡಿ ಹಿಡಿದು ಮೂಗು ಕಟ್ಟಿದೆ, ತಲೆ ಭಾರವಾಗಿದೆ, ಮೈ ಸ್ವಲ್ಪ ಬಿಸಿಯಾಗಿದೆ. ಮನೆಯಲ್ಲಿ ‘ನೆಗಡಿ ಮತ್ತು ಅಲರ್ಜಿಗೆ’ ಎಂದು ಬರೆದಿರುವ ಒಂದು ಸಿರಪ್ ಇದೆ. ಅದರ ಲೇಬಲ್ಲಿನಲ್ಲಿ, ಪ್ರತಿ 5 ಮಿ.ಲೀ.ನಲ್ಲಿ ಪ್ಯಾರಾಸಿಟಮಾಲ್ 250 ಮಿ.ಗ್ರಾಂ., ಫಿನೈಲ್‌ಎಫ್ರಿನ್ 5 ಮಿ.ಗ್ರಾಂ., ಕ್ಲೋರ್ಫೆನಿರಮೈನ್ ಮ್ಯಾಲಿಯೇಟ್ 2 ಮಿ.ಗ್ರಾಂ. ಇವೆ ಎಂದಿದೆ. ದೊಡ್ಡವರು ಆರು ಗಂಟೆಗೊಮ್ಮೆ 10 ಮಿ.ಲೀ. ಕುಡಿಯಬೇಕಂತೆ. ಜ್ವರಕ್ಕೆಂದು 650 ಮಿ.ಗ್ರಾಂ. ಪ್ಯಾರಾಸಿಟಮಾಲ್ ಮಾತ್ರೆಯೂ ಕೈಯಲ್ಲಿದೆ.

ಅಲರ್ಜಿಗೂ ಆಗುತ್ತದೆ ಎಂದಿರುವುದರಿಂದ ಈ ಸಿರಪ್ಪನ್ನು ಸೆಟಿರಿಜಿನ್ ಜೊತೆಗೇ ಕುಡಿಯಬಹುದೇ, ಅಥವಾ ಒಂದನ್ನು ಬಿಡಬೇಕೇ? ರಕ್ತದೊತ್ತಡ ಇರುವವರಿಗೆ ಇದರಿಂದ ತೊಂದರೆ ಉಂಟೇ? ನಮ್ಮ ತಂದೆಯವರಿಗೂ ಇದೇ ನೆಗಡಿ ತಗುಲಿದೆ. ಅವರಿಗೆ 74 ವರ್ಷ, ಪ್ರಾಸ್ಟೇಟ್ ತೊಂದರೆಯಿದೆ. ಅವರಿಗೂ ಇದನ್ನೇ ಕೊಡಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಅಳತೆಲೋಟ (ಫಾರ್ಮಸಿಸ್ಟ್)

ಹೊಂಗೆನೆರಳು ಅವರೇ, ನೀವು ಲೇಬಲ್ಲಿನ ಮಾಹಿತಿಯನ್ನು ಪೂರ್ತಿಯಾಗಿ ಬರೆದಿರುವುದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು ಬಾಟಲಿಯ ಹೆಸರನ್ನಷ್ಟೇ ಹೇಳುತ್ತಾರೆ. ಹೆಸರಿನಿಂದ ಒಳಗೆ ಏನಿದೆ ಎಂಬುದು ತಿಳಿಯುವುದಿಲ್ಲ. ಒಂದೇ ಹೆಸರಿನ ಕೆಳಗೆ ‘ಪ್ಲಸ್’, ‘ಡಿ’, ‘ಎಲ್‌ಎಸ್’ ಎಂಬ ಬಾಲಗಳನ್ನು ಅಂಟಿಸಿಕೊಂಡ ಬೇರೆ ಬೇರೆ ಮಿಶ್ರಣಗಳು ಮಾರಾಟಕ್ಕಿರುತ್ತವೆ. ಆದ್ದರಿಂದ ಸಂಯುಕ್ತ ಸಿರಪ್ಪನ್ನು ಒಂದು ಔಷಧಿ ಎಂದು ಎಣಿಸದೆ, ಒಂದೇ ಗುಟುಕಿನಲ್ಲಿ ನುಂಗುವ ಮೂರು ಔಷಧಿಗಳೆಂದು ಎಣಿಸಿ, ಮೂರನ್ನೂ ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕು.

ಮೊದಲು ಕ್ಲೋರ್ಫೆನಿರಮೈನ್. ಇದೂ ಸೆಟಿರಿಜಿನ್ನೂ ಒಂದೇ ಕುಲದವು, ಎರಡೂ ಅಲರ್ಜಿಯ ಲಕ್ಷಣಗಳನ್ನು ಅಡಗಿಸುವ ಆಂಟಿಹಿಸ್ಟಮಿನ್‌ಗಳು. ಕ್ಲೋರ್ಫೆನಿರಮೈನ್ ಹಳೆಯ ತಲೆಮಾರಿನದು. ಮಿದುಳಿಗೆ ಸುಲಭವಾಗಿ ಹೋಗುವುದರಿಂದ ಮಂಪರು ಹೆಚ್ಚು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಅಲರ್ಜಿ ಎರಡು ಪಟ್ಟು ಬೇಗ ಇಳಿಯುವುದಿಲ್ಲ, ತೂಕಡಿಕೆ ಮತ್ತು ಬಾಯಿ ಒಣಗುವುದು ಮಾತ್ರ ಹೆಚ್ಚುತ್ತದೆ. ದೊಡ್ಡವರ ದೇಹದಲ್ಲಿ ಕ್ಲೋರ್ಫೆನಿರಮೈನಿನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 20 ಗಂಟೆ ಬೇಕಾಗುತ್ತದೆ; ಹಾಗಾಗಿ ರಾತ್ರಿ ಕುಡಿದ ಸಿರಪ್ಪಿನ ಮಂಪರು ಮರುದಿನ ಬೆಳಿಗ್ಗೆ ವಾಹನ ಓಡಿಸುವಾಗಲೂ ಉಳಿದಿರಬಹುದು. ಮದ್ಯ, ನಿದ್ರೆ ಮಾತ್ರೆ, ಆತಂಕಕ್ಕೆ ಕೊಡುವ ಮಾತ್ರೆಗಳ ಜೊತೆ ಸೇರಿದರಂತೂ ಅಪಾಯ. ನೀವು ಸೆಟಿರಿಜಿನ್ ಮುಂದುವರಿಸುವುದಾದರೆ ಈ ಸಿರಪ್ ಬೇಡ.

ಎರಡನೆಯದು ಪ್ಯಾರಾಸಿಟಮಾಲ್. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಸಿರಪ್ಪನ್ನು ಜನ ‘ನೆಗಡಿಗೆ’ ಎಂದೂ ಮಾತ್ರೆಯನ್ನು ‘ಜ್ವರಕ್ಕೆ’ ಎಂದೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ನಿಮ್ಮ ಸಿರಪ್ 10 ಮಿ.ಲೀ. ಎಂದರೆ 500 ಮಿ.ಗ್ರಾಂ. ಪ್ಯಾರಾಸಿಟಮಾಲ್, ದಿನಕ್ಕೆ ನಾಲ್ಕು ಬಾರಿಗೆ 2,000 ಮಿ.ಗ್ರಾಂ. ಅದರ ಮೇಲೆ 650ರ ಮಾತ್ರೆಯನ್ನೂ ನಾಲ್ಕು ಬಾರಿ ನುಂಗಿದರೆ 2,600 ಸೇರಿ ಒಟ್ಟು 4,600 ಮಿ.ಗ್ರಾಂ. ಆಗುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ ಗರಿಷ್ಠ ಮಿತಿ 4,000 ಮಿ.ಗ್ರಾಂ. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ನಿತ್ಯ ಮದ್ಯ ಸೇವಿಸುವವರಿಗೆ ಅದಕ್ಕಿಂತಲೂ ಕಡಿಮೆ. ಪ್ರಮಾಣ ಮೀರಿದಾಗ ಮೊದಲ ದಿನ ಏನೂ ಆಗದಂತೆಯೇ ಕಾಣುವುದು ಈ ಔಷಧಿಯ ಕೆಟ್ಟ ಗುಣ. ಲಿವರಿಗೆ ಆದ ಹಾನಿ ಆಮೇಲೆ ಹೊರಬೀಳುತ್ತದೆ. ಅದರ ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಎಂಟು ಗಂಟೆಗಳ ಒಳಗೆ ಸಿಕ್ಕಿದರೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಪ್ರಮಾಣ ಮೀರಿದೆ ಎಂದು ಗೊತ್ತಾದ ಕೂಡಲೇ, ವಾಂತಿಯೋ ಹೊಟ್ಟೆನೋವೋ ಬರಲಿ ಎಂದು ಕಾಯದೆ, ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು.

ಮೂರನೆಯದು ಫಿನೈಲ್‌ಎಫ್ರಿನ್. ಇದು ರಕ್ತನಾಳಗಳನ್ನು ಸಂಕುಚಿತಗೊಳಿಸುವ ಔಷಧಿ. ರಕ್ತದೊತ್ತಡ, ಹೃದ್ರೋಗ, ಥೈರಾಯ್ಡ್ ಅತಿಸ್ರಾವ ಇರುವವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದೆಂದು ಎಚ್ಚರಿಕೆ ಇರುತ್ತದೆ. ಖಿನ್ನತೆಗೆ ಅಥವಾ ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಎಂಎಓ ಪ್ರತಿಬಂಧಕ ಗುಂಪಿನ ಮಾತ್ರೆ ನುಂಗುತ್ತಿರುವವರು, ಅದನ್ನು ನಿಲ್ಲಿಸಿ 14 ದಿನ ಕಳೆಯದವರು ಇದನ್ನು ಮುಟ್ಟಲೇಬಾರದು. ಇಷ್ಟೆಲ್ಲ ಎಚ್ಚರಿಕೆಯ ಬದಲಿಗೆ ಸಿಗುವ ಲಾಭವಾದರೂ ಏನು ಎಂದು ನೋಡಿದರೆ, ಬಾಯಿಯ ಮೂಲಕ ತೆಗೆದುಕೊಂಡ ಫಿನೈಲ್‌ಎಫ್ರಿನ್ ಕಟ್ಟಿದ ಮೂಗನ್ನು ಬಿಡಿಸುವುದಿಲ್ಲವೆಂದು ಅಮೆರಿಕದ ಎಫ್‌ಡಿಎ ಎಂಬ ಔಷಧಿ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಹೇಳಿತು. ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಿಗಳಿಂದ ಅದನ್ನು ಕೈಬಿಡುವ ಪ್ರಸ್ತಾವವನ್ನು ಎಫ್‌ಡಿಎ 2024ರ ನವೆಂಬರಿನಲ್ಲಿ ಮುಂದಿಟ್ಟಿತು. ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲು ಕರುಳು ಮತ್ತು ಲಿವರಿನಲ್ಲೇ ಒಡೆದುಹೋಗುವುದು ಅದು ಕೆಲಸ ಮಾಡದಿರಲು ಮುಖ್ಯ ಕಾರಣ.

ನಿಮ್ಮ ಸ್ಥಿತಿಗೆ ನನ್ನ ಅಭಿಪ್ರಾಯ ಇಷ್ಟು: ಸೆಟಿರಿಜಿನ್ ಇದ್ದಂತೆಯೇ ಇರಲಿ, ಜ್ವರ, ತಲೆನೋವು ಇದ್ದಾಗ ಮಾತ್ರ ಪ್ಯಾರಾಸಿಟಮಾಲ್ ಮಾತ್ರೆ ಸಾಕು, ಮೂಗಿಗೆ ಉಪ್ಪುನೀರಿನ ಹನಿ ಅಥವಾ ಸ್ಪ್ರೇ ಬಳಸಿ. ಸಿರಪ್ ಬಾಟಲಿ ಹಾಗೆಯೇ ಇರಲಿ.

ಉತ್ತರ: ಹಿರಿಯರಆರೈಕೆ (ಶುಶ್ರೂಷಕಿ)

ತಂದೆಯವರ ವಿಷಯಕ್ಕೆ ಬರುತ್ತೇನೆ. ಅವರಿಗೆ ಈ ಸಿರಪ್ಪನ್ನು ಕೊಡಬೇಡಿ. ಕ್ಲೋರ್ಫೆನಿರಮೈನ್, ಡೈಫೆನ್‌ಹೈಡ್ರಮೈನ್ ಮುಂತಾದ ಹಳೆಯ ಆಂಟಿಹಿಸ್ಟಮಿನ್‌ಗಳು ಮೂಗನ್ನು ಒಣಗಿಸುವ ಅದೇ ಗುಣದಿಂದ ಮೂತ್ರಕೋಶದ ಸ್ನಾಯುವನ್ನೂ ಸಡಿಲಗೊಳಿಸುತ್ತವೆ. ಫಿನೈಲ್‌ಎಫ್ರಿನ್ ಮೂತ್ರಕೋಶದ ಬಾಯಿಯನ್ನು ಬಿಗಿಗೊಳಿಸುತ್ತದೆ. ಪ್ರಾಸ್ಟೇಟ್ ಹಿಗ್ಗಿ ಮೊದಲೇ ದಾರಿ ಕಿರಿದಾಗಿರುವವರಲ್ಲಿ ಈ ಎರಡೂ ಸೇರಿದರೆ ಮೂತ್ರ ಪೂರ್ತಿ ಕಟ್ಟಿಕೊಂಡು ಮೂತ್ರ ಹೊರತೆಗೆಯುವ ಕೊಳವೆ (ಕ್ಯಾತಿಟರ್) ಹಾಕಬೇಕಾದ ಪರಿಸ್ಥಿತಿ ಬರಬಹುದು. ಕಣ್ಣಿನ ಒತ್ತಡ ಹಠಾತ್ತನೆ ಏರುವ ಬಗೆಯ ಗ್ಲಾಕೋಮಾ ಇರುವವರಿಗೂ ಇವು ಸಲ್ಲವು.

65 ದಾಟಿದವರಲ್ಲಿ ಈ ಹಳೆಯ ಆಂಟಿಹಿಸ್ಟಮಿನ್‌ಗಳನ್ನು ಸಾಧ್ಯವಾದಷ್ಟೂ ತಪ್ಪಿಸಬೇಕೆಂದು ವೃದ್ಧರ ಔಷಧಿಗಳ ಕುರಿತ ಬಿಯರ್ಸ್ ಮಾನದಂಡ ಹೇಳುತ್ತದೆ. ಗೊಂದಲ, ಮಲಬದ್ಧತೆ, ರಾತ್ರಿ ಎದ್ದು ಶೌಚಾಲಯಕ್ಕೆ ಹೋಗುವಾಗ ತಲೆಸುತ್ತಿ ಬೀಳುವುದು, ಇವೆಲ್ಲ ಆ ವಯಸ್ಸಿನಲ್ಲಿ ಸಣ್ಣ ವಿಷಯಗಳಲ್ಲ. ಸಂಜೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ಹಿರಿಯರು ರಾತ್ರಿ ಹೊದಿಕೆಯ ಅಂಚನ್ನು ಬೆರಳಲ್ಲಿ ಕೀಳುತ್ತಾ, ಇಲ್ಲದವರನ್ನು ಕೂಗಿ ಕರೆಯುವಂತಾದಾಗ, ‘ವಯಸ್ಸಾಯಿತು’ ಎನ್ನುವ ಮೊದಲು ಅಂದು ಏನೇನು ಔಷಧಿ ಹೊಟ್ಟೆಗೆ ಹೋಗಿದೆ ಎಂದು ಕೇಳಿ ಎಂಬುದನ್ನು ನಮ್ಮ ವೃತ್ತಿಯಲ್ಲಿ ಮೊದಲೇ ಕಲಿಸುತ್ತಾರೆ.

ಉತ್ತರ: ನೇರನುಡಿ

ಮೇಲಿನ ಉತ್ತರಗಳನ್ನು ಓದಿದವರಿಗೆ ಸಂಯುಕ್ತ ಸಿರಪ್ ಎಂದರೆ ವಿಷವೇ ಎನಿಸಬಹುದು, ಅದು ಅತಿಯಾಯಿತು. ಬೇರೆ ಕಾಯಿಲೆಯಿಲ್ಲದ, ಬೇರೆ ಮಾತ್ರೆ ನುಂಗದ ವಯಸ್ಕರೊಬ್ಬರಿಗೆ ಸೀನು, ಮೂಗು ಸೋರಿಕೆ, ಮೈಕೈ ನೋವು, ಜ್ವರ ಎಲ್ಲವೂ ಒಟ್ಟಿಗೇ ಇದ್ದಾಗ ಎರಡು ಮೂರು ದಿನ ಇಂತಹದ್ದೊಂದನ್ನು ಕುಡಿದರೆ ನೆಮ್ಮದಿಯಾಗಿ ನಿದ್ರೆಯಾದರೂ ಬರುತ್ತದೆ. ನೆಗಡಿಯ ಸಂಯುಕ್ತ ಔಷಧಿಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಮೀಕ್ಷೆಯೂ ವಯಸ್ಕರಲ್ಲಿ ಮತ್ತು ದೊಡ್ಡ ಮಕ್ಕಳಲ್ಲಿ ಇವುಗಳಿಂದ ಸ್ವಲ್ಪ ಮಟ್ಟಿನ ಪ್ರಯೋಜನವಿದೆ ಎಂದೇ ಹೇಳಿದೆ. ನೆಗಡಿ ಹೇಗೂ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ, ಸಿರಪ್ ಅದನ್ನು ಓಡಿಸುವುದಿಲ್ಲ ಎಂಬುದು ನೆನಪಿರಲಿ, ಅಷ್ಟೇ.

ಉತ್ತರ: ಅಳತೆಲೋಟ (ಫಾರ್ಮಸಿಸ್ಟ್)

ನೇರನುಡಿ ಅವರ ಮಾತನ್ನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಇರುವ ಲಕ್ಷಣಗಳಿಗೆ ಹೊಂದುವ ಮಿಶ್ರಣವನ್ನೇ ಆರಿಸಬೇಕು. ಬರಿಯ ಕೆಮ್ಮು ಇರುವವರು ಜ್ವರದ ಔಷಧಿಯನ್ನೂ, ಬರಿಯ ಸೀನು ಇರುವವರು ಕೆಮ್ಮಿನ ಔಷಧಿಯನ್ನೂ ಕುಡಿಯುವುದರಲ್ಲಿ ಅರ್ಥವಿಲ್ಲ. ಕೆಮ್ಮಿನ ಡೆಕ್ಸ್ಟ್ರೊಮೆಥಾರ್ಫಾನ್ ಸೇರಿದ ಸಿರಪ್ಪುಗಳನ್ನು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಕುಡಿಯಬಾರದು. ಎರಡೂ ಸೇರಿ ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕ ಅತಿಯಾದರೆ ನಡುಕ, ಬೆವರು, ಎದೆಬಡಿತ ಉಂಟಾಗುತ್ತವೆ.

ಉತ್ತರ: ಪುಟ್ಟಹೆಜ್ಜೆ

ಇದೇ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆ. ನಮ್ಮ ಮಗಳಿಗೆ ಮೂರು ವರ್ಷ, ತೂಕ 12 ಕಿಲೋ. ದೊಡ್ಡವರ ಸಿರಪ್ಪನ್ನೇ ಅರ್ಧ ಚಮಚ ಕೊಟ್ಟರೆ ಸಾಕು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಮಕ್ಕಳವೈದ್ಯ

ಸರಿಯಲ್ಲ. ಪುಟ್ಟ ಮಕ್ಕಳಲ್ಲಿ ಈ ಮಿಶ್ರಣಗಳಿಂದ ನೆಗಡಿಗೆ ಉಪಯೋಗವಿದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ವಿಪರೀತ ಮಂಪರು, ಉಸಿರಾಟ ನಿಧಾನವಾಗುವುದು, ಎದೆಬಡಿತ ಏರುವುದು, ಕೆಲವೊಮ್ಮೆ ಮಂಪರಿನ ಬದಲು ತೀರಾ ಚಡಪಡಿಕೆ ಕಂಡುಬಂದಿವೆ. ಎರಡು ವರ್ಷದ ಒಳಗಿನವರಿಗೆ ಕೊಡಬಾರದೆಂದು ಎಫ್‌ಡಿಎ 2008ರಲ್ಲಿ ಹೇಳಿತು. ಅದೇ ವರ್ಷ ತಯಾರಕರು ತಾವಾಗಿಯೇ ಲೇಬಲ್ಲಿನಲ್ಲಿ ನಾಲ್ಕು ವರ್ಷದ ಮಿತಿ ಹಾಕಿದರು. ಬ್ರಿಟನ್ನಿನಲ್ಲಿ 2009ರಿಂದ ಆರು ವರ್ಷದ ಒಳಗಿನವರಿಗೆ ಬೇಡವೆಂಬ ಸೂಚನೆಯಿದೆ. ಮೂರು ವರ್ಷದ ಮಗು ತಯಾರಕರ ಲೇಬಲ್ಲಿನ ಲೆಕ್ಕದಲ್ಲೂ ಬ್ರಿಟನ್ನಿನ ಲೆಕ್ಕದಲ್ಲೂ ವೈದ್ಯರನ್ನು ಕೇಳದೆ ಕುಡಿಸಬಹುದಾದ ವಯಸ್ಸಿನದಲ್ಲ.

ಜ್ವರವಿದ್ದರೆ ಮಕ್ಕಳ ಪ್ಯಾರಾಸಿಟಮಾಲ್ ಒಂದನ್ನೇ, ತೂಕ ನೋಡಿ ಕೊಡುವುದು ಸರಿಯಾದ ಕ್ರಮ. ಒಂದು ಬಾರಿಗೆ ಕಿಲೋ ತೂಕಕ್ಕೆ 15 ಮಿ.ಗ್ರಾಂ. ಮೀರಬಾರದು, 12 ಕಿಲೋ ಮಗುವಿಗೆ ಅದು 180 ಮಿ.ಗ್ರಾಂ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಬಾಟಲಿಯಾದರೆ ಅಷ್ಟು ಪ್ರಮಾಣಕ್ಕೆ 7.5 ಮಿ.ಲೀ. ಬೇಕು; 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಬಾಟಲಿಯಾದರೆ 5 ಮಿ.ಲೀ. ಕೊಟ್ಟರೂ ಮಿತಿ ದಾಟಿಹೋಗುತ್ತದೆ. ಎರಡೂ ಬಾಟಲಿಗಳು ಒಂದೇ ಬಣ್ಣ, ಒಂದೇ ಹಣ್ಣಿನ ಚಿತ್ರ ಹೊತ್ತುಕೊಂಡು ಅಕ್ಕಪಕ್ಕ ನಿಂತಿರುವುದು ಅಪರೂಪವೇನಲ್ಲ. ಎರಡು ಬಾರಿಗಳ ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರವಿರಲಿ, ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಬೇಡ.

‘ಅರ್ಧ ಚಮಚ’ ಎಂಬ ಅಳತೆಯನ್ನೇ ಬಿಟ್ಟುಬಿಡಿ. ಅಡುಗೆಮನೆಯ ಚಮಚಗಳಲ್ಲಿ ಒಂದರಂತೆ ಒಂದು ಇರುವುದಿಲ್ಲ, ಸಣ್ಣ ಚಮಚದ ಬದಲು ದೊಡ್ಡದು ಕೈಗೆ ಬಂದರೆ 5 ಮಿ.ಲೀ. ಹೋಗಿ 15 ಮಿ.ಲೀ. ಆಗುತ್ತದೆ. ಸೂಜಿಯಿಲ್ಲದ ಸಿರಿಂಜನ್ನು ಬಳಸಿ. ಔಷಧಿಯನ್ನು ಎಳೆದ ಮೇಲೆ ತುದಿಯನ್ನು ಮೇಲಕ್ಕೆ ಹಿಡಿದು ಬೆರಳಿನಿಂದ ತಟ್ಟಿ, ಗಾಳಿಗುಳ್ಳೆಯನ್ನು ಹೊರಗೆ ತಳ್ಳಿ, ಆನಂತರ ಗೆರೆ ನೋಡಿ. ಮುಚ್ಚಳದಂತಹ ಅಳತೆ ಲೋಟವಾದರೆ ಅದನ್ನು ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ಓದಬೇಕು. ಕುಡಿಸುವಾಗ ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ ಮಗು ಕೆಮ್ಮಿ ಉಗುಳುವುದಿಲ್ಲ.

ಕೆಮ್ಮಿಗೆ ಒಂದು ವರ್ಷ ತುಂಬಿದ ಮಕ್ಕಳಿಗೆ ಮಲಗುವ ಮುನ್ನ ಅರ್ಧದಿಂದ ಒಂದು ಸಣ್ಣ ಚಮಚ ಜೇನುತುಪ್ಪ ಕೊಡಬಹುದು (ಇಲ್ಲಿ ಚಮಚವಾದರೂ ಚಿಂತೆಯಿಲ್ಲ). ವರ್ಷದ ಒಳಗಿನ ಕೂಸಿಗೆ ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆಯ ಅಪಾಯವಿರುವುದರಿಂದ ಜೇನು ಬೇಡ. ಉಸಿರಾಡುವಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ನೀರು ಕುಡಿಯದಿದ್ದರೆ, ಜ್ವರ ಮೂರು ದಿನ ದಾಟಿದರೆ ಅಥವಾ ಬಿಟ್ಟ ಜ್ವರ ಮತ್ತೆ ಬಂದರೆ ಕರೆತಂದು ತೋರಿಸಿ.

ಉತ್ತರ: ಹೊಂಗೆನೆರಳು

ಎಲ್ಲರಿಗೂ ಧನ್ಯವಾದಗಳು. ಕೊನೆಯದಾಗಿ ಒಂದು ಸಂದೇಹ. ಮೂಗು ಬೇಗ ಬಿಡಲೆಂದು ಔಷಧಿ ಇರುವ ಮೂಗಿನ ಹನಿಗಳನ್ನು ಹಾಕಿಕೊಳ್ಳಬಹುದೇ? ಮುಂದಿನ ತಿಂಗಳು ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆಯೂ ಇದೆ. ಅದಕ್ಕೂ ಈ ಔಷಧಿಗಳಿಗೂ ಏನಾದರೂ ಸಂಬಂಧವಿದೆಯೇ?

ಉತ್ತರ: ಅಳತೆಲೋಟ (ಫಾರ್ಮಸಿಸ್ಟ್)

ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಹನಿಗಳು ಮೂಗನ್ನು ನಿಜವಾಗಿಯೂ ಬಿಡಿಸುತ್ತವೆ. ಆದರೆ ರಕ್ತದೊತ್ತಡ ಇರುವುದರಿಂದ ನಿಮ್ಮ ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಿ. ಯಾರೇ ಆದರೂ ಸತತವಾಗಿ ಮೂರು ದಿನಕ್ಕಿಂತ ಹೆಚ್ಚು ಬಳಸಬಾರದು, ಬಳಸಿದರೆ ಹನಿ ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಹತ್ತು ದಿನ ಕಳೆದರೂ ಮೂಗು ಕಟ್ಟಿಯೇ ಇದ್ದರೆ ಅದು ಅಲರ್ಜಿಯದೋ ಸೈನಸ್ಸಿನದೋ ಎಂದು ಪರೀಕ್ಷಿಸಿಕೊಳ್ಳಬೇಕು. ಅಲರ್ಜಿಯದಾದರೆ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಸ್ಪ್ರೇ ಈ ಸಿರಪ್ಪುಗಳಿಗಿಂತ ಹೆಚ್ಚು ಪರಿಣಾಮಕಾರಿ.

ಪರೀಕ್ಷೆಗೂ ಇವುಗಳಿಗೂ ನೇರ ಸಂಬಂಧವಿದೆ. ಚರ್ಮದ ಮೇಲೆ ಏಳಬೇಕಾದ ಗಂಧೆಯನ್ನು ಆಂಟಿಹಿಸ್ಟಮಿನ್ ಅಡಗಿಸುವುದರಿಂದ ಇರುವ ಅಲರ್ಜಿಯೂ ಇಲ್ಲವೆಂದು ತೋರಬಹುದು. ಸಾಮಾನ್ಯವಾಗಿ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಇವನ್ನು ನಿಲ್ಲಿಸಲು ಹೇಳುತ್ತಾರೆ. ಎಷ್ಟು ದಿನ ಎಂಬುದನ್ನು ಪರೀಕ್ಷೆ ಮಾಡುವವರನ್ನೇ ಕೇಳಿಕೊಳ್ಳಿ. ಸೆಟಿರಿಜಿನ್ ನಿಲ್ಲಿಸಿ ಕುಳಿತವರು ಆ ವಾರದಲ್ಲಿ ನೆಗಡಿಯೆಂದು ಇಂತಹ ಸಿರಪ್ ಕುಡಿದರೆ ಅದರೊಳಗಿನ ಕ್ಲೋರ್ಫೆನಿರಮೈನ್ ಸಾಕು, ಪರೀಕ್ಷೆಯನ್ನು ಮುಂದೂಡಬೇಕಾಗುತ್ತದೆ.